ಓಗೊಟ್ಟವರ ಹಾಜರಿ

೧೨ ಆಗಸ್ಟ್ ೧೯೬೮, ಸೋಮವಾರ

ಈ ಕರಿಕಲ್ಲುದೊಡ್ಡಿಗೆ ಬಂದು ಇವತ್ತಿಗೆ ಎರಡು ತಿಂಗಳು. ಯಳಂದೂರಿಗೆ ವರ್ಗ ಮಾಡಿಕೊಡಿ ಎಂದು ಬರೆದ ಅರ್ಜಿಗೆ ಇನ್ನೂ ಉತ್ತರವಿಲ್ಲ. ಲೊಕ್ಕನಹಳ್ಳಿಯಲ್ಲಿ ಬಸ್ಸು ಇಳಿದು ಮೂರು ಮೈಲಿ ನಡೆದರೆ ಈ ಊರು. ಊರು ಮುಗಿದ ಕಡೆ ಶಾಲೆ, ಶಾಲೆ ದಾಟಿದರೆ ಹೊಲ, ಹೊಲ ದಾಟಿದರೆ ಕಾಡು. ಮೇಷ್ಟ್ರು ನಾನೊಬ್ಬನೇ. ತರಗತಿ ನಾಲ್ಕು, ಮಕ್ಕಳು ಮೂವತ್ತೊಂದು, ಮಂಡಿನೋವು ಎರಡು.

ಹೆಂಡತಿ ಸುವರ್ಣಮ್ಮ ವೈಶಾಖದಲ್ಲಿ ತೀರಿಕೊಂಡ ಮೇಲೆ ಈ ಪುಸ್ತಕದಲ್ಲಿ ಬರೆಯಲು ಶುರು ಮಾಡಿದ್ದು. ಮಾತಾಡಲು ಯಾರೂ ಇಲ್ಲ, ಅದಕ್ಕೆ. ಅವಳಿದ್ದಾಗಲೂ ನಾನೇನು ಹೆಚ್ಚು ಮಾತಾಡಿದವನಲ್ಲ. ಅಡುಗೆಮನೆಯಿಂದ "ರೀ" ಎಂದು ಕೂಗುತ್ತಿದ್ದಳು. ನಾನು ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. "ಒಂದು ಸಲ ಓ ಅಂದರೆ ನಿಮ್ಮ ಗಂಟೇನು ಹೋಗುತ್ತೆ?" ಎನ್ನುತ್ತಿದ್ದಳು. ಈಗ ಕೂಗುವವರಿಲ್ಲ. ಪೇಪರೂ ಈ ಊರಿಗೆ ಬರುವುದಿಲ್ಲ.

ರಾತ್ರಿಗೆ ಅವಲಕ್ಕಿ ನೆನೆಸಿ ತಿಂದೆ.

೧೯ ಆಗಸ್ಟ್, ಸೋಮವಾರ

ಮೂರನೇ ತರಗತಿಗೆ ಜುಲೈಯಲ್ಲಿ ಸೇರಿದ ಚಿಕ್ಕಮಾದಮ್ಮ ಎಂಬ ಹುಡುಗಿಯಿದ್ದಾಳೆ. ಹತ್ತು ವರ್ಷವಿರಬಹುದು. ಇಷ್ಟು ದಿನ ತಮಿಳು ಸೀಮೆಯ ಗಡಿಯಲ್ಲಿ ಅಜ್ಜಿಯ ಮನೆಯಲ್ಲಿದ್ದಳಂತೆ. ಹಾಜರಿ ಕೂಗಿದರೆ ಬಾಯಿ ಬಿಡುವುದಿಲ್ಲ. ಹೆಸರು ಕಿವಿಗೆ ಬಿದ್ದದ್ದೇ ತಡ, ತಲೆ ಮಡಿಲಿಗೆ ಹೋಗುತ್ತದೆ.

ಇವತ್ತು ಮೂರು ಸಲ ಕೂಗಿದೆ. ಪಕ್ಕದಲ್ಲಿದ್ದ ಪುಟ್ಟಮಲ್ಲಮ್ಮ, ಬಾಯಿ ಮುಚ್ಚಿದರೆ ಉಸಿರು ಕಟ್ಟಿಹೋಗುವ ಹುಡುಗಿ, ಎದ್ದು ನಿಂತು "ಬಂದವ್ಳೆ ಸಾ, ಇಲ್ಲೇ ಕುಂತವ್ಳೆ" ಎಂದಳು.

"ನಿನ್ನ ಬಾಯಿ ಅವಳಿಗೆ ಬಾಡಿಗೆಗೆ ಕೊಟ್ಟಿದ್ದೀಯಾ? ಕೂತ್ಕೋ" ಎಂದೆ. ಬಾಯಿ ಬಿಡದವರು ಬಂದಿಲ್ಲವೆಂದೇ ಲೆಕ್ಕ ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಅವಳ ಹೆಸರಿನ ಮುಂದೆ ಗೈರುಹಾಜರಿ ಬರೆದೆ. ಎರಡು ದಿನ ಹೀಗೆ ಮಾಡಿದರೆ ದಾರಿಗೆ ಬರುತ್ತಾಳೆ.

೭ ಸೆಪ್ಟೆಂಬರ್, ಶನಿವಾರ

ದಾರಿಗೆ ಬಂದಿಲ್ಲ. ನನಗೂ ಹಟ ಹಿಡಿದಿದೆ. ದಿನವೂ ಗೈರುಹಾಜರಿಯೇ ಬರೆಯುತ್ತಿದ್ದೇನೆ. ತಿಂಗಳ ವರದಿಯಲ್ಲೂ ಹಾಗೆಯೇ ಬರೆದು ಆಫೀಸಿಗೆ ಕಳಿಸಿದ್ದಾಯಿತು. ಯಾರು ನೋಡುತ್ತಾರೆ!

ಮಂಡಿಗೆ ಬೇವಿನೆಣ್ಣೆ ಹಚ್ಚಿದೆ. ಏನೂ ಉಪಯೋಗವಿಲ್ಲ.

೮ ಅಕ್ಟೋಬರ್, ಮಂಗಳವಾರ

ದಸರಾ ರಜೆ ಮುಗಿಯಿತು. ಯಳಂದೂರಿನ ಮನೆಯ ಬೀಗ ತೆಗೆದು, ಕಸ ಗುಡಿಸಿ, ಒಂದು ದಿನ ಇದ್ದು, ಮತ್ತೆ ಬೀಗ ಹಾಕಿಕೊಂಡು ಬಂದೆ. ಅಲ್ಲಿಗೆ ವರ್ಗವಾದರೂ ಮಾಡುವುದೇನು ಎಂದು ಬಸ್ಸಿನಲ್ಲಿ ಒಮ್ಮೆ ಅನ್ನಿಸಿತು. ಆದರೂ ಆಗಲಿ.

ಚಿಕ್ಕಮಾದಮ್ಮ ಈಗ ಪುಟ್ಟಮಲ್ಲಮ್ಮನಿಗೂ ಮಹದೇವುಗೂ ನಡುವೆ ಕೂರುತ್ತಾಳೆ. ಮಹದೇವು ನಾಲ್ಕನೆಯವನು, ಅವನಿಗೆ ಆ ಸಾಲಿನಲ್ಲಿ ಕೆಲಸವೇ ಇಲ್ಲ. ಎಬ್ಬಿಸಿದರೆ ಹೋಗುತ್ತಾನೆ, ಬೆನ್ನು ತಿರುಗಿಸಿದರೆ ಮತ್ತೆ ಅಲ್ಲೇ. ಪುಟ್ಟಮಲ್ಲಮ್ಮ ಅವಳ ಸ್ಲೇಟನ್ನು ತನ್ನ ಲಂಗದಲ್ಲಿ ಒರೆಸಿಕೊಡುತ್ತಾಳೆ, ಕಿವಿಯ ಹತ್ತಿರ ಏನೇನೋ ಹೇಳುತ್ತಿರುತ್ತಾಳೆ. ಉತ್ತರ ಕೊಡದವಳ ಜೊತೆ ಇಷ್ಟೊಂದು ಮಾತು ಎಲ್ಲಿಂದ ತರುತ್ತಾಳೋ.

ಉಕ್ತಲೇಖನದಲ್ಲಿ ಆ ಮೂಕಿಯದು ಒಂದೂ ತಪ್ಪಿಲ್ಲ. ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ. ಹಾಜರಿ ಮಾತ್ರ ಇಲ್ಲ.

೧೭ ಅಕ್ಟೋಬರ್, ಗುರುವಾರ

ನೋಡುವವರು ನೋಡಿದ್ದಾರೆ. ಇನ್‌ಸ್ಪೆಕ್ಟರರ ಕಾಗದ ಬಂದಿದೆ. ಎರಡು ತಿಂಗಳಿಂದ ಒಂದು ದಿನವೂ ಬಾರದ ಹುಡುಗಿಯ ಹೆಸರು ಪುಸ್ತಕದಲ್ಲಿ ಏಕೆ ಉಳಿದಿದೆ, ಮಕ್ಕಳ ಸಂಖ್ಯೆ ಹೆಚ್ಚಿಸಿ ತೋರಿಸಲು ಇಲ್ಲದ ಹೆಸರು ಬರೆದುಕೊಂಡಿದ್ದೀರಾ ಎಂದು ಕೇಳಿದ್ದಾರೆ. ನವೆಂಬರ್ ಇಪ್ಪತ್ತೊಂದಕ್ಕೆ ತಾವೇ ಬಂದು ಹಾಜರಿ ಕೂಗುತ್ತಾರಂತೆ. ಆ ಹುಡುಗಿ ತನ್ನ ಬಾಯಿಂದ ಉತ್ತರ ಕೊಟ್ಟರೆ ಸರಿ, ಇಲ್ಲವಾದರೆ ಹೆಸರು ಹೊಡೆದುಹಾಕತಕ್ಕದ್ದು. ಬೇರೆ ಮಕ್ಕಳನ್ನು ತಂದು ಕೂರಿಸುವವರನ್ನು ತಾವು ಬೇಕಾದಷ್ಟು ನೋಡಿರುವುದಾಗಿಯೂ ಬರೆದಿದ್ದಾರೆ.

ಗೈರುಹಾಜರಿಯನ್ನು ನಾನೇ ತಿದ್ದಿಬಿಡೋಣವೆಂದು ಪುಸ್ತಕ ತೆಗೆದೆ. ನಲವತ್ತಕ್ಕೆ ಹತ್ತಿರದ ತಿದ್ದುಪಡಿ, ಒಂದೊಂದಕ್ಕೂ ರುಜು ಹಾಕಬೇಕು. ಅದನ್ನು ನೋಡಿದರೆ ಅವರ ಅನುಮಾನ ನಿಜವೇ ಆಗುತ್ತದೆ. ಮುಚ್ಚಿಟ್ಟೆ.

ತಪ್ಪು ನನ್ನದು. ಬರೆದು ನೋಡಿದರೂ ಹಗುರಾಗಲಿಲ್ಲ.

೧೮ ಅಕ್ಟೋಬರ್, ಶುಕ್ರವಾರ

ಶಾಲೆ ಬಿಟ್ಟ ಮೇಲೆ ಹುಡುಗಿಯ ಮನೆಗೆ ಹೋಗಿದ್ದೆ. ಎರಡು ಮೈಲಿ, ಕಾಡಿನ ಅಂಚು. ಅವಳ ಅಪ್ಪ ಚಿಕ್ಕಸಿದ್ದಯ್ಯ ಹಗ್ಗ ಹೊಸೆಯುತ್ತಿದ್ದ. ಕೂರಲು ಚಾಪೆ ಹಾಕಿದ. ವಿಷಯ ಹೇಳಿದೆ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತಾಯಿತು. ಹಗ್ಗ ಕೆಳಗಿಟ್ಟ.

"ಅಂಗಾರೆ ದಿನಾ ರೊಟ್ಟಿ ಕಟ್ಟಿಸ್ಕಂಡು ಒಂಟೋಯ್ತಿದ್ದೋಳು ಯಾರು ಸಾ? ಅಷ್ಟು ದೂರ ನಡ್ದು ಬಂದು ನಿಮ್ಮ ಕಣ್ಮುಂದೇನೆ ಕುಂತಿದ್ದ ಮಗೀನ ಬಂದಿಲ್ಲ ಅಂತ ಬರ್ಕಂಡ್ರಾ?"

ಶಿಸ್ತು, ಅಭ್ಯಾಸ ಎಂದು ಏನೋ ತೊದಲಿದೆ.

"ಬುಡಿ ಸಾ. ಪುಸ್ತಕದಲ್ಲಿ ಇಲ್ದೋಳು ಇಸ್ಕೂಲಲ್ಲಿ ಯಾಕಿರ್ಬೇಕು? ಜ್ವಾಳ ತೆನೆ ಕಟ್ಟ್ಯದೆ, ಗಿಳಿ ಓಡ್ಸೋಕೆ ಒಂದಾಳು ಬೇಕು. ಆಮ್ಯಾಕೆ ದನ ಮೇಯಿಸ್ಕಂಡು ಇರ್ತಾಳೆ."

ಬೈದಿದ್ದರೆ ಸಹಿಸಬಹುದಿತ್ತು. ನಾನು ಹೊರಡುವಾಗ ಮಜ್ಜಿಗೆ ಕೊಟ್ಟ. ಹುಡುಗಿ ಬಾಗಿಲ ಸಂದಿನಿಂದ ನೋಡುತ್ತಿದ್ದಳು. ವಾಪಸು ಬರುವ ದಾರಿ ಮುಗಿಯುವಂತೆಯೇ ಕಾಣಲಿಲ್ಲ.

೧೯ ಅಕ್ಟೋಬರ್, ಶನಿವಾರ

ಚಿಕ್ಕಮಾದಮ್ಮ ಬರಲಿಲ್ಲ. ಮೊದಲನೇ ಸಲ ನಿಜವಾದ ಗೈರುಹಾಜರಿ ಬರೆದೆ.

೨೪ ಅಕ್ಟೋಬರ್, ಗುರುವಾರ

ದೀಪಾವಳಿ ಕಳೆದ ಮೇಲೆ ಹುಡುಗಿ ತಾನಾಗಿ ಬಂದಿದ್ದಾಳೆ. ಹೇಗೆ, ಯಾಕೆ, ಕೇಳಲು ಧೈರ್ಯವಾಗಲಿಲ್ಲ. ಈಗ ಮಹದೇವು ಹಾದಿ ತಪ್ಪಿದ್ದಾನೆ. ಎರಡು ದಿನವೂ ಅರ್ಧ ಗಂಟೆ ತಡ, ಕಾಲೆಲ್ಲಾ ಕೆಸರು, ಪಾಠದ ನಡುವೆ ತೂಕಡಿಕೆ. ಬಾಗಿಲ ಬಳಿ ನಿಲ್ಲಿಸಿದೆ. ನಿಂತುಕೊಂಡೇ ನಿದ್ದೆ ಮಾಡಿದ.

ಊಟದ ಬಿಡುವಿನಲ್ಲಿ ಇವರದೊಂದು ಹೊಸ ಆಟ. ಒಬ್ಬೊಬ್ಬರು ಒಂದೊಂದು ಬಂಡೆಯ ಮೇಲೆ ದೂರ ದೂರ ನಿಂತು "ಓ" ಎಂದು ಅರಚುವುದು. ತಲೆ ಸಿಡಿದು ಹೋಗುತ್ತದೆ. ನಿಲ್ಲಿಸಿ ಎಂದು ಕಿಟಕಿಯಿಂದ ಕೂಗಿದೆ.

೨೯ ಅಕ್ಟೋಬರ್, ಮಂಗಳವಾರ

ಇವತ್ತು ಮಹದೇವು ಸರಿಯಾದ ಹೊತ್ತಿಗೆ ಬಂದ, ಪುಟ್ಟಮಲ್ಲಮ್ಮ ತಡವಾಗಿ ಬಂದಳು. ಅದೇ ಕೆಸರು ಕಾಲು. ಬೆತ್ತ ತೆಗೆದುಕೊಂಡು ಏನು ನಡೆಯುತ್ತಿದೆ ಹೇಳಿ ಎಂದೆ.

ಪುಟ್ಟಮಲ್ಲಮ್ಮ ಕೈ ಮುಂದೆ ಚಾಚಿಯೇ ಹೇಳಿದಳು: "ಒಡೆಯೋದಾದ್ರೆ ಒಡೀರಿ ಸಾ. ಬೆಳಿಗ್ಗೆ ಚಿಕ್ಕಮಾದಮ್ಮನ ವಲದಲ್ಲಿ ಗಿಳಿ ಓಡ್ಸೋಕೆ ನಾವು ನಿಂತ್ಕತೀವಿ. ಒಂದಿನ ಅವ್ನು, ಒಂದಿನ ನಾನು, ಒಂದಿನ ಕೆಂಪನಂಜನ ಮಗ. ಅವ್ಳ ಇಸ್ಕೂಲಿಗೆ ಕಳ್ಸಿ ಅಂತ ಅವ್ರಪ್ಪಂಗೆ ಮಾತು ಕೊಟ್ಟಿವಿ. ಇನ್‌ಸ್ಪೆಟ್ರು ಬರಾಗಂಟ."

ಬೆತ್ತ ಬದಿಗಿಟ್ಟೆ. ಐವತ್ತೆರಡು ವರ್ಷದ ನಾನು ಮಾಡಿದ ತಪ್ಪನ್ನು ಹತ್ತು ವರ್ಷದವರು ಸರದಿಯ ಮೇಲೆ ಹೊತ್ತುಕೊಂಡಿದ್ದಾರೆ. ನಾಚಿಕೆಯಾಯಿತು. ಅದನ್ನು ಅವರೆದುರು ಹೇಳಲಿಲ್ಲ. ಇಬ್ಬರಿಗೂ ಮಧ್ಯಾಹ್ನ ನನ್ನ ಚಾಪೆ ಕೊಟ್ಟು ಮೂಲೆಯಲ್ಲಿ ಮಲಗಲು ಹೇಳಿದೆ.

೩೦ ಅಕ್ಟೋಬರ್, ಬುಧವಾರ

ಶಾಲೆ ಬಿಟ್ಟ ಮೇಲೆ ಮಹದೇವು ಜೊತೆ ಹೊಲಕ್ಕೆ ಹೋದೆ. ಹೊಲ ಕಾಯುವ ಅಟ್ಟಣೆಗಳಲ್ಲಿ ಅವರದು ಮೂರನೆಯದು. ನಾಲ್ಕು ಕಂಬ, ಮೇಲೆ ಸೊಪ್ಪಿನ ನೆರಳು. ನಾನು ಕೆಳಗೇ ನಿಂತೆ. ಸಂಜೆಗೆ ಗಿಳಿಯ ಹಿಂಡು ಜೋಳಕ್ಕೆ ಇಳಿಯುವ ಸಮಯ. ಊರ ಕಡೆಯ ಮೊದಲನೇ ಅಟ್ಟಣೆಯಿಂದ ಯಾರೋ "ಓ..." ಎಂದು ಉದ್ದಕ್ಕೆ ಕೂಗಿದರು. ಎರಡನೆಯದು ಅದಕ್ಕೆ ಓಗೊಟ್ಟಿತು. ಮೂರನೆಯದು ಮಹದೇವು. ಹೀಗೆ ಹೊಲದಿಂದ ಹೊಲಕ್ಕೆ ಹೋಗಿ, ಕೊನೆಗೆ ಕಾಡಿನ ಅಂಚಿನಿಂದ ಒಂದು ದನಿ ಎದ್ದಿತು. ಅಬ್ಬಾ, ಎಂಥ ದನಿ! ಗಿಳಿಗಳು ಒಂದೇ ಸಲಕ್ಕೆ ಮೇಲೆದ್ದವು.

"ಯಾರೋ ಅದು?" ಎಂದೆ.

"ಚಿಕ್ಕಮಾದಮ್ಮ ಕಣ್ ಸಾ. ಬೆಳಿಗ್ಗೆ ನಮ್ ಸರದಿ, ಸಂಜೆ ಅವ್ಳೇ."

ನಾನು ನಂಬಲಿಲ್ಲ. ಅವನು ಇನ್ನೊಂದು ಸಲ ಕೂಗಿಸಿದ. ಅದೇ ದನಿ.

"ಶಾಲೆಯಲ್ಲಿ ಯಾಕಪ್ಪ ಬಾಯಿ ಬಿಡಲ್ಲ?"

"ಎಸ್ರಿಡ್ದು ಕೂಗುದ್ರೆ ಎದ್ರುಕತಾಳೆ ಸಾ. ಅವ್ರಜ್ಜಿ ಬೈಯೋಕೆ, ಒಡಿಯೋಕೆ ಅಷ್ಟೇ ಎಸ್ರು ಕರೀತಿದ್ದುದ್ದಂತೆ. ಪುಟ್ಟಮಲ್ಲಿ ತಾವ ಏಳವ್ಳೆ. ಇಲ್ಲಿ ಯಾರೂ ಎಸ್ರು ಕೂಗಕ್ಕಿಲ್ವಲ್ಲ."

"ಈ ಕೂಗು ಯಾಕೆ? ಗಿಳಿಗೆ ಕವಣೆ ಸಾಲದಾ?"

ಅವನು ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದ. "ಗಿಳಿಗಲ್ಲ ಸಾ. ಎಲ್ರೂ ಚೆಂದಾಗವ್ರಾ ಅಂತ ತಿಳ್ಕಳೋಕೆ. ಯಾರಾರ ಓಗೊಡ್ನಿಲ್ಲ ಅಂದ್ರೆ ಏನೋ ಆಗ್ಯದೆ ಅಂತ. ಆನೆ ಬಂದಿರ್ಬೋದು, ಅಟ್ಣೆಯಿಂದ ಬಿದ್ದಿರ್ಬೋದು. ನಮ್ ಜ್ವಾಳ ಗಿಳಿ ತಿಂದ್ರೂ ತಿನ್ಲಿ ಅಂತ ಬುಟ್ಟು ಎಲ್ರೂ ಓಡ್ಬೇಕು."

ಬರೆಯಬಾರದು ಎಂದುಕೊಂಡಿದ್ದನ್ನು ಬರೆಯುತ್ತೇನೆ. ವೈಶಾಖದ ಆ ದಿನ ಸುವರ್ಣಮ್ಮ ಹಿತ್ತಲಿನಿಂದ "ರೀ" ಎಂದಳು. ಎರಡು ಸಲ. ನಾನು ಪೇಪರು ಓದುತ್ತಿದ್ದೆ. ಮೂರನೇ ಸಲ ಕರೆಯಲಿಲ್ಲ. ಪೇಪರು ಪೂರ್ತಿ ಓದಿ ಎದ್ದು ಹೋದಾಗ ತುಳಸಿಕಟ್ಟೆಯ ಹತ್ತಿರ ಬಿದ್ದಿದ್ದಳು. ಬೇಗ ಹೋಗಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಇರಬಹುದು.

೪ ನವೆಂಬರ್, ಸೋಮವಾರ

ಹಾಜರಿ ಕೂಗುವುದನ್ನು ಮಕ್ಕಳಿಗೇ ಬಿಟ್ಟಿದ್ದೇನೆ. ಪುಟ್ಟಮಲ್ಲಮ್ಮನ ಉಪಾಯ. ಅವಳು ಹುಣಸೆಮರದ ಕೆಳಗಿಂದ "ಓ" ಎನ್ನುತ್ತಾಳೆ, ಒಳಗೆ ಸಾಲಾಗಿ ಒಬ್ಬೊಬ್ಬರೇ ಓಗೊಡಬೇಕು, ಕೊನೆಯವಳು ಚಿಕ್ಕಮಾದಮ್ಮ. ಇವತ್ತು ಮೂವತ್ತು ಓ ಆದ ಮೇಲೆ ಎಲ್ಲರೂ ಕಾದೆವು. ಹುಡುಗಿಯ ಕತ್ತು ಕೆಂಪಾಯಿತು. ದನಿ ಬರಲಿಲ್ಲ.

ಯಾರೂ ನಗಲಿಲ್ಲ. ಮಹದೇವು "ನಾಳೆ ಬತ್ತದೆ ಬುಡು" ಎಂದು ಹುರಿಗಡಲೆ ಕೊಟ್ಟ. ನನಗೂ ನಾಲ್ಕು ಕಾಳು ಸಿಕ್ಕಿತು.

೧೩ ನವೆಂಬರ್, ಬುಧವಾರ

ಬಂತು! ಮಧ್ಯಾಹ್ನ ಎಲ್ಲರನ್ನೂ ಬಯಲಿಗೆ ಕರೆದುಕೊಂಡು ಹೋಗಿ ಬಂಡೆಗಳ ಮೇಲೆ ನಿಲ್ಲಿಸಿದೆ. ಕೊನೆಯ ಬಂಡೆಯಿಂದ ಓ ಬಂತು. ಮೊದಲು ಸಣ್ಣಗೆ, ಎರಡನೇ ಸಲ ಹೊಲದಲ್ಲಿ ಬಂದ ಹಾಗೆ. ಒಂದನೇ ತರಗತಿಯ ಚಿಳ್ಳೆಪಿಳ್ಳೆಗಳು ಕುಣಿದವು. ಆಮೇಲೆ ಒಳಗೆ ಕೂತು ಮಾಡಿದಾಗಲೂ ಬಂತು.

ಆದರೆ ನಾನು ಪುಸ್ತಕ ಹಿಡಿದು "ಚಿಕ್ಕಮಾದಮ್ಮ" ಎಂದೆ, ಎಷ್ಟು ಮೆಲ್ಲಗೆ ಸಾಧ್ಯವೋ ಅಷ್ಟು. ತಲೆ ಮಡಿಲಿಗೆ ಹೋಯಿತು. ಇನ್‌ಸ್ಪೆಕ್ಟರು ಓ ಎನ್ನುವುದಿಲ್ಲ, ಹೆಸರನ್ನೇ ಕೂಗುತ್ತಾರೆ. ಇನ್ನು ಎಂಟು ದಿನ.

ಹುರುಳಿಕಾಳಿನ ಸಾರು ಮಾಡಿದ್ದೆ. ಉಪ್ಪು ಹೆಚ್ಚಾಗಿತ್ತು, ಎರಡು ಸಲ ಬಡಿಸಿಕೊಂಡೆ.

೨೦ ನವೆಂಬರ್, ಬುಧವಾರ

ಇಲ್ಲ. ಇವತ್ತೂ ಹೆಸರಿಗೆ ಉತ್ತರವಿಲ್ಲ. ನಾಳೆ ಅವರು ಬರುತ್ತಾರೆ.

೨೧ ನವೆಂಬರ್, ಗುರುವಾರ

ಮರೆಯುವ ಮೊದಲು ಬರೆದುಬಿಡಬೇಕು.

ಹತ್ತೂವರೆಗೆ ಇನ್‌ಸ್ಪೆಕ್ಟರು ಬಂದರು. ಲೊಕ್ಕನಹಳ್ಳಿಯಿಂದ ನಡೆದು ಬೂಟು ಕಚ್ಚಿತ್ತು, ಮುಖ ಸಿಡಿಮಿಡಿ. ನೀರು ಕುಡಿದು ನೇರವಾಗಿ ಹಾಜರಿ ಪುಸ್ತಕ ತೆಗೆದರು. ಮಕ್ಕಳು "ಆಜರ್ ಸಾ, ಆಜರ್ ಸಾ" ಎಂದು ಒಪ್ಪಿಸಿದರು. ಚಿಕ್ಕಸಿದ್ದಯ್ಯ ಬಾಗಿಲಾಚೆ ಟವೆಲ್ಲು ಕೈಯಲ್ಲಿ ಹಿಡಿದು ನಿಂತಿದ್ದ. ಮಗಳನ್ನು ಇಟ್ಟುಕೊಳ್ಳುತ್ತಾರೋ ಕಳಿಸುತ್ತಾರೋ ನೋಡಿ ಹೋಗಲು ಬಂದಿದ್ದ.

"ಚಿಕ್ಕಮಾದಮ್ಮ."

ತಲೆ ಕೆಳಗೆ.

"ಚಿಕ್ಕಮಾದಮ್ಮ!" ಗದರಿದ ಹಾಗೆಯೇ ಇತ್ತು. ಹುಡುಗಿಯ ಹೆಗಲು ಒಳಕ್ಕೆ ಸೇದಿಕೊಂಡಿತು. ಇನ್‌ಸ್ಪೆಕ್ಟರು ನನ್ನ ಕಡೆ ನೋಡಿ ಕೆಂಪು ಶಾಯಿಯ ಪೆನ್ನು ತೆಗೆದರು.

ಆಗ ಪುಟ್ಟಮಲ್ಲಮ್ಮ ಎದ್ದಳು. ಕೇಳಲಿಲ್ಲ, ಹೇಳಲಿಲ್ಲ, ಬಾಗಿಲಲ್ಲಿದ್ದ ಚಿಕ್ಕಸಿದ್ದಯ್ಯನನ್ನು ಸರಿಸಿಕೊಂಡು ಹೊರಗೆ ಓಡಿದಳು. "ಏಯ್, ಯಾರಿಗೆ ಹೇಳಿ ಹೋದಳು ಆ ಹುಡುಗಿ?" ಎಂದರು ಇನ್‌ಸ್ಪೆಕ್ಟರು. ಅಷ್ಟರಲ್ಲಿ ಹುಣಸೆಮರದ ಕಡೆಯಿಂದ ಬಂತು: "ಓ..."

ಮಹದೇವು ಕೂತಲ್ಲಿಂದಲೇ ಓಗೊಟ್ಟ. ಅವನ ಪಕ್ಕದವನು, ಅವನ ಪಕ್ಕದವಳು, ಸಾಲಿನಿಂದ ಸಾಲಿಗೆ. ನಿಲ್ಲಿಸಿ ಎಂದು ಇನ್‌ಸ್ಪೆಕ್ಟರು ಮೇಜು ಕುಟ್ಟಿದರು. ಯಾರು ಕೇಳುತ್ತಾರೆ? ನಾನು ತಡೆಯಲಿಲ್ಲ. ಮೂವತ್ತನೆಯದೂ ಮುಗಿಯಿತು. ಆಮೇಲೆ ಚಿಕ್ಕಮಾದಮ್ಮ ಎದ್ದು ನಿಂತಳು, ಕಣ್ಣು ಮುಚ್ಚಿಕೊಂಡಳು, ಕೂಗಿದಳು. ಹೊಲದ ದನಿ, ಹೆಂಚಿನ ಸೂರಿನ ಕೆಳಗೆ! ಇನ್‌ಸ್ಪೆಕ್ಟರರ ಪೆನ್ನು ಮೇಜಿನಿಂದ ಕೆಳಗೆ ಉರುಳಿತು.

"ಏನ್ರೀ ಮೇಷ್ಟ್ರೇ ಇದು?"

"ಹಾಜರಿ ಸ್ವಾಮಿ" ಎಂದೆ. ಆಮೇಲೆ ನಾನೇ ನಿಲ್ಲಿಸಲಾರದಷ್ಟು ಮಾತಾಡಿದೆ. ಅಟ್ಟಣೆ, ಗಿಳಿ, ಸರದಿ, ನನ್ನ ಹಟ, ನಾನು ಬರೆದ ಸುಳ್ಳು ಗೈರುಹಾಜರಿ, ಎಲ್ಲ. ಅವರು ಬಾಯಿ ತೆರೆದು ಕೇಳಿದರು. ಕೊನೆಗೆ ಹುಡುಗಿಯ ಹತ್ತಿರ ಹೋಗಿ, ಮಂಡಿಯೂರಿ ಪೆನ್ನು ಎತ್ತಿಕೊಂಡು, ಆ ಎತ್ತರದಲ್ಲೇ ಕೇಳಿದರು: "ನಿನ್ನ ಹೆಸರೇನಮ್ಮ?"

ಅವಳು ಮಹದೇವುವನ್ನು ನೋಡಿದಳು. ಬಾಗಿಲಲ್ಲಿ ಏದುಸಿರು ಬಿಡುತ್ತಿದ್ದ ಪುಟ್ಟಮಲ್ಲಮ್ಮನನ್ನು ನೋಡಿದಳು.

"ಚಿಕ್ಕಮಾದಮ್ಮ. ಮೂರ್ನೇ ಕ್ಲಾಸು."

ಚಿಕ್ಕಸಿದ್ದಯ್ಯ ಟವೆಲ್ಲಿನಿಂದ ಮುಖ ಒರೆಸಿಕೊಂಡ. ನನಗೂ ಒಂದು ಟವೆಲ್ಲು ಬೇಕಾಗಿತ್ತು.

ಉಪಾಧ್ಯಾಯರ ತಪ್ಪಿನಿಂದ ಗೈರುಹಾಜರಿ ದಾಖಲಾಗಿದೆ ಎಂದು ನನ್ನ ಕೈಯಲ್ಲೇ ಬರೆಸಿ ರುಜು ಹಾಕಿಸಿದರು. ಹೆಸರು ಉಳಿಯಿತು. ನನಗೆ ಲಿಖಿತ ಎಚ್ಚರಿಕೆ. ಎಚ್ಚರಿಕೆ ಇರುವವರ ವರ್ಗದ ಅರ್ಜಿ ಈ ವರ್ಷ ಪರಿಶೀಲನೆಗೆ ಬರುವುದಿಲ್ಲವೆಂದು ಹೊರಡುವಾಗ ಹೇಳಿದರು. ಹೂಂ ಎಂದೆ. ಅವರ ಬೂಟಿಗೆ ಒಂದಿಷ್ಟು ಹತ್ತಿ ಕೊಟ್ಟು ಕಳಿಸಿದೆ.

ಮಹದೇವುಗೆ ಭಾಗಾಕಾರ ಇನ್ನೂ ಬರುವುದಿಲ್ಲ. ನಾಳೆಯಿಂದ ಬೇರೆ ಕೂರಿಸಿಕೊಂಡು ಹೇಳಿಕೊಡಬೇಕು.

೯ ಡಿಸೆಂಬರ್, ಸೋಮವಾರ

ಶನಿವಾರದಿಂದ ಜ್ವರ. ಇವತ್ತು ಶಾಲೆಗೆ ಹೋಗಲಾಗಲಿಲ್ಲ. ಯಾರಿಗೂ ಹೇಳಿ ಕಳಿಸಲೂ ಇಲ್ಲ. ಎದ್ದು ಬಾಗಿಲವರೆಗೆ ಹೋಗುವಷ್ಟು ಶಕ್ತಿ ಇರಲಿಲ್ಲ, ಮನಸ್ಸೂ ಇರಲಿಲ್ಲ. ಹೀಗೇ ಆದರೆ ಆಗಲಿ ಎಂದು ಗೋಡೆಯ ಕಡೆ ತಿರುಗಿ ಮಲಗಿದ್ದೆ.

ಹತ್ತು ಗಂಟೆಯ ಮೇಲೆ ಶಾಲೆಯ ಕಡೆಯಿಂದ "ಓ..." ಕೇಳಿತು. ಆಡಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಮತ್ತೆ ಕೇಳಿತು. ಈ ಸಲ ಒಬ್ಬಳದೇ ದನಿ, ಯಾರದೆಂದು ಕೇಳಬೇಕಾಗಿಲ್ಲ. ಆಮೇಲೆ ಸುಮ್ಮನಾಯಿತು. ಯಾರೂ ಓಗೊಡಲಿಲ್ಲ. ಓಗೊಡಬೇಕಾದವನು ನಾನು ಎಂದು ಹೊಳೆಯಲು ಅಷ್ಟು ಹೊತ್ತು ಬೇಕಾಯಿತು.

ಮೂರನೇ ಸಲ ಕರೆಯದೆ ಹೋದರೆ? ಎದ್ದು ಕೂತು, ಗೋಡೆ ಹಿಡಿದು, "ಓ" ಎಂದೆ. ಒಡಕು ದನಿ, ಬಾಗಿಲು ದಾಟಿತೋ ಇಲ್ಲವೋ. ಇನ್ನೊಂದು ಸಲ ಎಂದೆ, ಜೋರಾಗಿ.

ಆದರೆ ಅವರು ಕಾದಿರಲೇ ಇಲ್ಲ. ಆಗಲೇ ಓಡಿ ಬರುತ್ತಿದ್ದರು. ಬೀದಿಯ ತುಂಬ ಕಾಲು ಸದ್ದು. ಬಾಗಿಲು ಧಡಾರನೆ ತೆರೆಯಿತು. ಎಲ್ಲರಿಗಿಂತ ಮುಂದೆ ಚಿಕ್ಕಮಾದಮ್ಮ, ಕೈಯಲ್ಲಿ ಸ್ಲೇಟು ಹಾಗೇ ಇತ್ತು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಹಿಂದಕ್ಕೆ ತಿರುಗಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು:

"ಮೇಷ್ಟ್ರು ಆಜರ್ ಕಣ್ರಲಾ!"

೧೧ ಡಿಸೆಂಬರ್, ಬುಧವಾರ

ಜ್ವರ ಇಳಿದಿದೆ. ಪುಟ್ಟಮಲ್ಲಮ್ಮನ ತಾಯಿ ಗಂಜಿ ಕಳಿಸಿದ್ದರು. ಶಾಲೆಗೆ ಹೋಗಿ ಹಾಜರಿ ಕೂಗಿದೆ. ಮೂವತ್ತೊಂದು ಮಂದಿ, ಎಲ್ಲರೂ ಇದ್ದರು.